ಇದೊಂದು ಸಲ ಸಾಲ ತೀರಿಸಲೇ? – ಓದುಗರ ಸ್ಪಂದನ

(ಕಳೆದ ಸಂಚಿಕೆಯ ಸಮಸ್ಯೆ: ಗಂಡ ಫೋನಿನಲ್ಲಿ ಜೂಜಾಡಿ, ಸುಳ್ಳು ಹೇಳಿ ಮುಚ್ಚಿಟ್ಟು ಸಾಲ ಮಾಡಿಕೊಂಡಿದ್ದಾರೆ. ಮಕ್ಕಳಿಗೆ ಏನೂ ಗೊತ್ತಿಲ್ಲ. ‘ಇದೊಂದು ಸಲ ತೀರಿಸು, ಇನ್ನು ಮುಟ್ಟಲ್ಲ’ ಎನ್ನುತ್ತಾರೆ. ನನ್ನ ಉಳಿತಾಯ ಕೊಡಲೇ?)

ತಂಗಿ, ಕೊಡಬೇಡಿ. ನಾನು ಮೂರು ಸಲ ಕೊಟ್ಟವಳು. ಪ್ರತಿ ಸಲವೂ ನಮ್ಮವರು ಅತ್ತರು, ಮಕ್ಕಳ ಮೇಲೆ ಆಣೆ ಇಟ್ಟರು. ಆ ಹೊತ್ತಿಗೆ ಅದು ನಿಜವೇ. ಎರಡು ತಿಂಗಳು ಎಲ್ಲ ಸರಿ. ಆಮೇಲೆ ಬಚ್ಚಲುಮನೆಯಲ್ಲಿ ಅರ್ಧ ಗಂಟೆ ನಲ್ಲಿ ಸುರಿಯುವ ಸದ್ದು. ಹೊರಗೆ ಬಂದರೆ ಮೈ ಒಣಗಿಯೇ ಇರುತ್ತಿತ್ತು, ಕೈಯಲ್ಲಿ ಫೋನ್! ನಾಲ್ಕನೇ ಸಲ ಆಗಲ್ಲ ಅಂದೆ. ಮನೆಖರ್ಚಿನ ದುಡ್ಡನ್ನು ನನ್ನೊಬ್ಬಳ ಖಾತೆಗೆ ಹಾಕಿಕೊಂಡೆ. ಸಾಲದ ಪಟ್ಟಿಯನ್ನು ಅವರ ಕೈಯಲ್ಲೇ ಬರೆಸಿದೆ. ಅದರಲ್ಲಿ ನನ್ನ ತಮ್ಮನ ಹೆಸರೂ ಇತ್ತು. ಹೋದ ದುಡ್ಡಿಗಿಂತ ಅದು ಜಾಸ್ತಿ ಚುಚ್ಚಿತು. ಈಗ ಅವರ ಸಂಬಳದಿಂದಲೇ ಕಂತು ಕಟ್ಟುತ್ತಿದ್ದಾರೆ. ನಿಧಾನ, ಆದರೆ ಅವರೇ ಕಟ್ಟುತ್ತಿದ್ದಾರೆ.
– ನಿಮ್ಮಂತೆಯೇ ಒಬ್ಬಳು

ನಾನು ನಿಮ್ಮ ಯಜಮಾನರ ಜಾಗದಲ್ಲಿ ಇದ್ದವನು. ಗೆಲ್ಲಬೇಕು ಅಂತ ಆಡುವುದು ಸ್ವಲ್ಪ ದಿನ ಮಾತ್ರ. ಆಮೇಲೆಲ್ಲ ಹೋದದ್ದನ್ನು ವಾಪಸ್ ತರುವ ಆಟ. ಇನ್ನೇನು ಬಂತು ಅನ್ನುವಾಗ ತಪ್ಪಿಹೋದರೆ ಸೋತೆ ಅಂತಲೇ ಅನಿಸುವುದಿಲ್ಲ, ಇನ್ನೊಂದು ಸಲ ಆಡು ಅನಿಸುತ್ತದೆ. ಅಣ್ಣ ನನ್ನ ಸಾಲ ತೀರಿಸಿದಾಗ ನಾಚಿಕೆಯಾಯಿತು, ನಿಜ. ಅದೇ ರಾತ್ರಿ, ಈಗ ಮತ್ತೆ ಸಾಲ ಹುಟ್ಟುತ್ತದೆ ಅಂತ ಲೆಕ್ಕವನ್ನೂ ಹಾಕಿದೆ. 1957ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ, ಜೂಜು ಬಿಡಬೇಕೆನ್ನುವವರು ಒಟ್ಟಿಗೆ ಕೂತು ಮಾತಾಡುವ ಗ್ಯಾಂಬ್ಲರ್ಸ್ ಅನಾನಿಮಸ್ ಮಾದರಿಯ ಗುಂಪೊಂದರಲ್ಲಿ ಕುಳಿತ ಮೇಲೆಯೇ ಇದನ್ನು ಬಾಯಿಬಿಟ್ಟು ಹೇಳಲು ಆದದ್ದು. ಆಡುವವರ ಮನೆಮಂದಿಗೂ ಗ್ಯಾಮ್-ಅನಾನ್ ಅಂತ ಬೇರೆ ಗುಂಪಿದೆ. ನಿಮ್ಮ ಯಜಮಾನರು ಗುಂಪಿಗೆ ಬರದಿದ್ದರೂ ನೀವು ಹೋಗಿ.
– ಆಡಿ ಬಿಟ್ಟವನು

ಇದು ಚಟ ಅಷ್ಟೇ ಅಲ್ಲ, ಕಾಯಿಲೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಇದನ್ನು ಕುಡಿತ, ಮಾದಕ ವಸ್ತುಗಳ ಚಟದ ಸಾಲಿಗೇ ಸೇರಿಸಿತು. ಅದು ಹೇಳುವ ಒಂಬತ್ತು ಲಕ್ಷಣಗಳಲ್ಲಿ ಎರಡು ನಿಮ್ಮ ಪತ್ರದಲ್ಲೇ ಇವೆ: ಮುಚ್ಚಿಡಲು ಸುಳ್ಳು, ಸಾಲಕ್ಕೆ ಬೇರೆಯವರ ದುಡ್ಡು. ‘ಸಾಯ್ತೀನಿ’ ಅಂದರೆ ಸುಮ್ನೆ ಹೆದರಿಸುತ್ತಾರೆ ಅಂದುಕೊಳ್ಳಬೇಡಿ. ಒಂಟಿಯಾಗಿ ಬಿಡದೆ ತಕ್ಷಣ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.
– ಆಪ್ತ ಸಮಾಲೋಚಕಿ

ಮಕ್ಕಳಿಗೆ ಏನೂ ಗೊತ್ತಿಲ್ಲ ಅಂತ ಬರೆದಿದ್ದೀರಿ. ಗೊತ್ತಿರುತ್ತದೆ. ಅಪ್ಪ ಬಾಗಿಲು ಹಾಕುವ ಸದ್ದಿನಲ್ಲೇ ಗೆದ್ದರೋ ಸೋತರೋ ನನಗೆ ತಿಳಿಯುತ್ತಿತ್ತು. ಒಮ್ಮೆ ಗೆದ್ದು ಸೈಕಲ್ ತಂದರು. ಮುಂದಿನ ತಿಂಗಳು ಅದು ಇರಲಿಲ್ಲ. ‘ರಿಪೇರಿಗೆ ಕೊಟ್ಟಿದ್ದೇನೆ’ ಅಂದರು. ಮಾರಿದ್ದಾರೆ ಅಂತ ಗೊತ್ತಿತ್ತು. ಅಮ್ಮ ಕೇಳಿದಾಗ ನಾನೂ ರಿಪೇರಿಗೆ ಅಂತಲೇ ಹೇಳಿದೆ.
– ಒಬ್ಬ ಮಗ