ಕಟಿಂಗ್ ಚಿಂದಿ ಏನು ಮಾಡುತ್ತೀರಿ? ಸುಡುವುದು ಬಿಟ್ಟು ಬೇರೆ ದಾರಿ ಹೇಳಿ

ಹದಿನಾಲ್ಕು ಮಷೀನು, ದಾವಣಗೆರೆ

ನಮ್ಮದೊಂದು ಸಣ್ಣ ಗಾರ್ಮೆಂಟ್ ಯೂನಿಟ್. ವರ್ಷದ ಅರ್ಧ ಸ್ಕೂಲ್ ಯೂನಿಫಾರಂ, ಉಳಿದರ್ಧ ನೈಟಿ, ಪೆಟಿಕೋಟು, ಟೀ ಶರ್ಟು, ಲೆಗ್ಗಿನ್ಸು. ವಾರಕ್ಕೆ ನಾಲ್ಕೈದು ಚೀಲ ಚಿಂದಿ ಬೀಳುತ್ತದೆ. ಮೊದಲು ಗುಜರಿಯವರು ಒಯ್ಯುತ್ತಿದ್ದರು, ಈಗ "ಮಿಕ್ಸ್ ಮಾಲು ಬೇಡಮ್ಮ" ಅಂತ ಬಿಟ್ಟು ಹೋಗುತ್ತಾರೆ. ಮಂಡಕ್ಕಿ ಭಟ್ಟಿಗೆ ಉರುವಲು ಅಂತ ಕೊಟ್ಟುಬಿಡಿ ಅಂದವರೂ ಇದ್ದಾರೆ. ಹೋದ ವಾರ ಜಾಗ ಸಾಲದೆ ಹಿತ್ತಲಲ್ಲಿ ಒಂದು ಚೀಲಕ್ಕೆ ಬೆಂಕಿ ಹಚ್ಚಿದೆವು. ಕಪ್ಪು ಹೊಗೆ ಎದ್ದಿದ್ದು ನೋಡಿ ಪಕ್ಕದ ಮನೆಯವರು ಮಕ್ಕಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡರು. ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ. ದುಡ್ಡು ಕೊಟ್ಟು ತಂದ ಬಟ್ಟೆ ಅದು, ಅಲ್ವಾ? ಮಾಡಿ ನೋಡಿದವರು ಯಾರಾದರೂ ಹೇಳಿ.

ಕಟಿಂಗ್ ಟೇಬಲ್

ಭಟ್ಟಿಗೆ ಮಾತ್ರ ಕೊಡಬೇಡಿ. ಯೂನಿಫಾರಂ ಬಟ್ಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲಿಸ್ಟರ್ ಇರುತ್ತದೆ. ಅದನ್ನು ಸುಡುವುದೂ ಒಂದೇ, ಪ್ಲಾಸ್ಟಿಕ್ ಸುಡುವುದೂ ಒಂದೇ.

ಗುಜರಿಯವರ ಮಾತಲ್ಲೇ ನಿಮಗೆ ಉತ್ತರ ಇದೆ. ಕಲೆತು ಹೋದ ಚಿಂದಿಗೆ ಯಾರೂ ಬೆಲೆ ಕೊಡುವುದಿಲ್ಲ. ಸಂಜೆ ಕಸಬರಿಗೆಯಲ್ಲಿ ಗುಡಿಸಿ ಚೀಲಕ್ಕೆ ತುಂಬಿದ ಮೇಲೆ ಅದನ್ನು ಆರಿಸಲು ದೇವರಿಂದಲೂ ಆಗುವುದಿಲ್ಲ. ಟೇಬಲ್ ಕೆಳಗೇ ನಾಲ್ಕು ಚೀಲ ಕಟ್ಟಿ. ಟೀ ಶರ್ಟಿನ ಬನಿಯನ್ ಬಟ್ಟೆ ಒಂದಕ್ಕೆ, ನೈಟಿ ಪೆಟಿಕೋಟಿನ ಕಾಟನ್ ಒಂದಕ್ಕೆ, ಪಾಲಿಸ್ಟರ್ ಮಿಕ್ಸ್ ಒಂದಕ್ಕೆ, ಲೈಕ್ರಾ, ಅಂದರೆ ರಬ್ಬರಿನ ಹಾಗೆ ಹಿಗ್ಗುವ ಎಳೆ, ಇರುವುದು ಇನ್ನೊಂದಕ್ಕೆ. ಯಾವುದು ಅಂತ ಅನುಮಾನ ಬಂದರೆ ಎರಡು ಎಳೆ ಎಳೆದು ಸುಟ್ಟು ನೋಡಿ. ಕಾಟನ್ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬನಿಯನ್ ವೇಸ್ಟನ್ನು ಗ್ಯಾರೇಜಿನವರು, ಪ್ರೆಸ್ಸಿನವರು ಕೈ ಒರೆಸಲು ಕೆಜಿ ಲೆಕ್ಕದಲ್ಲಿ ಕೊಳ್ಳುತ್ತಾರೆ. ಬಿಳಿಯದನ್ನು ಬೇರೆಯೇ ಇಡಿ, ಕೈಕಾಗದ ಮಾಡುವವರಿಗೂ ಅದೇ ಬೇಕು.

ಇನ್ನೊಂದು ಮಾತು. 100 ಕೆಜಿ ಬಟ್ಟೆಯಲ್ಲಿ 15 ಕೆಜಿ ಆಸುಪಾಸು ಕಟಿಂಗಲ್ಲೇ ಹೋಗುತ್ತದೆ ಅನ್ನುವುದು ನಮ್ಮ ಕಸುಬಿನ ಲೆಕ್ಕ. ಯೂನಿಫಾರಂ ಒಂದೊಂದೇ ಸೈಜ್ ಹಾಸಿ ಕತ್ತರಿಸಬೇಡಿ. ಸಣ್ಣ ಸೈಜು ದೊಡ್ಡ ಸೈಜು ಒಂದೇ ಮಾರ್ಕರಿನಲ್ಲಿ, ಅಂದರೆ ಬಟ್ಟೆ ಮೇಲಿಡುವ ಕಟಿಂಗ್ ನಕ್ಷೆಯಲ್ಲಿ, ಕೂರಿಸಿದರೆ ತೋಳಿನ ಸಂದಿಯಲ್ಲಿ ಕಾಲರು, ಜೇಬು ಬಂದುಬಿಡುತ್ತವೆ. ನೀವು ಮಾರಬೇಕಾದ ಚಿಂದಿಯೇ ಕಡಿಮೆಯಾಗುತ್ತದೆ.

ಮಿಲ್ ಕಾರ್ಮಿಕನ ಮಗ

ಮೇಲಿನವರು ಹೇಳಿದ್ದು ಸರಿ. ನಮ್ಮಪ್ಪ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಅರಳೆ ಬಾಚುವ ಕಾರ್ಡಿಂಗ್ ಖಾತೆಯಲ್ಲಿದ್ದರು, ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ನೆಲಕ್ಕೆ ಬಿದ್ದ ಅರಳೆಯನ್ನೂ ಖಾತೆವಾರು ಬೇರೆ ಬೇರೆ ತೂಗಿ ಇಡುತ್ತಿದ್ದರಂತೆ. ಒಳ್ಳೆಯದು ಮತ್ತೆ ಹೊಸ ಹತ್ತಿಯ ಜೊತೆ ಮಿಕ್ಸಿಂಗಿಗೆ ಹೋಗುತ್ತಿತ್ತು, ಉಳಿದದ್ದು ಹಾಸಿಗೆಗೆ. ಹೊಸ ಐಡಿಯಾ ಅಂತ ಈಗ ಹೇಳುತ್ತಿರುವುದನ್ನು ಈ ಊರು ಆಗಲೇ ಮಾಡುತ್ತಿತ್ತು.

ಚಿಂದಿಯನ್ನು ಹರಿದು ಮತ್ತೆ ಅರಳೆ ಮಾಡುವ ಮಷೀನುಗಳಿವೆ. ತೊಂದರೆ ಏನೆಂದರೆ ಹರಿಯುವಾಗ ಎಳೆ ತುಂಡಾಗುತ್ತದೆ, ತುಂಡು ಎಳೆಯಲ್ಲಿ ಸಣ್ಣ ನೂಲು ಬರುವುದಿಲ್ಲ, ಅದಕ್ಕೇ ಹೊಸ ಹತ್ತಿಯನ್ನೋ ಪಾಲಿಸ್ಟರನ್ನೋ ಸೇರಿಸಿ ಓಪನ್ ಎಂಡ್ ಅನ್ನುವ ನೂಲುವ ಮಷೀನಿನಲ್ಲಿ ದಪ್ಪ ನೂಲು ತೆಗೆಯುತ್ತಾರೆ. ತಿರುಪ್ಪೂರಿನ ಬನಿಯನ್ ಚಿಂದಿ ಹೀಗೇ ನೂಲಾಗುತ್ತದೆ. ಪಾಣಿಪತ್ತಿನಲ್ಲಿ ಹಳೆ ಬಟ್ಟೆಯನ್ನು ಬಣ್ಣದ ಪ್ರಕಾರ ಆರಿಸಿ ಕಂಬಳಿ ಮಾಡುತ್ತಾರೆ, ಬಣ್ಣ ಆರಿಸಿದ್ದರಿಂದ ಮತ್ತೆ ಬಣ್ಣ ಹಾಕುವ ಕೆಲಸವೇ ಇಲ್ಲ. ಲೈಕ್ರಾ ಬಂದರೆ ಮಾತ್ರ ಹಲ್ಲಿಗೆ ಸುತ್ತಿಕೊಂಡು ಮಷೀನು ನಿಲ್ಲುತ್ತದೆ.

ಒಂದು ಕೆಜಿ ಹತ್ತಿಗೆ ಲೋಕದ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಬೇಕು. ಭದ್ರಾ ನಾಲೆಗೆ ನೀರು ಯಾವಾಗ ಬಿಡುತ್ತಾರೆ ಅಂತ ಕಾಯುವ ನಮಗೆ ಅದು ಎಷ್ಟು ಅಂತ ಬಿಡಿಸಿ ಹೇಳಬೇಕಿಲ್ಲ. ಒಂದು ಯೂನಿಟ್ಟಿನ ಚಿಂದಿಗೆ ಲಾರಿ ಬಾಡಿಗೆ ಗಿಟ್ಟುವುದಿಲ್ಲ. ಅಕ್ಕಪಕ್ಕದ ಹತ್ತು ಯೂನಿಟ್ ಸೇರಿ ಒಂದು ಶೆಡ್ ಮಾಡಿಕೊಂಡು ಒಟ್ಟಿಗೆ ಕಳಿಸಿ ನೋಡಿ.

ಕೌದಿ ಅಕ್ಕ, ಚಳ್ಳಕೆರೆ

ಅಂಗೈಗಿಂತ ದೊಡ್ಡ ತುಂಡುಗಳನ್ನು ಗುಜರಿಗೆ ಹಾಕಬೇಡಿ, ಕೌದಿಗೆ ಬರುತ್ತವೆ. ಮೈಗೆ ತಾಗುವ ಕಡೆ ಕಾಟನ್ನೇ ಆಗಬೇಕು, ಪಾಲಿಸ್ಟರ್ ಬೆವರು ಹೀರುವುದಿಲ್ಲ, ಜಾರುತ್ತದೆ. ನಿಮ್ಮ ಯೂನಿಫಾರಂ ತುಂಡು ನಡುವಿನ ಪದರಕ್ಕೆ ಆಗುತ್ತದೆ. ಆದರೆ ಮನೆಗೆಲಸದ ನಡುವೆ ಒಂದು ಕೌದಿಗೆ ನನಗೆ ಹದಿನೈದು ದಿನ ಬೇಕು. ನಿಮ್ಮ ವಾರದ ಚೀಲಗಳನ್ನು ನಾವು ಹೊಲಿದು ಮುಗಿಸುತ್ತೇವೆ ಅಂತ ಸುಳ್ಳು ಹೇಳಲಾರೆ. ಮತ್ತೆ, ಚಿಂದಿ ಪುಕ್ಕಟೆ ಕೊಟ್ಟೆವು ಅಂತ ಹೊಲಿಗೆಯನ್ನೂ ಪುಕ್ಕಟೆ ಕೇಳುವವರಿದ್ದಾರೆ. ಹೊಲಿಯುವ ಕೈಗೆ ಕೂಲಿ ಮೊದಲು ಮಾತಾಡಿ.

ಇಬ್ಬರು ಮಕ್ಕಳ ತಾಯಿ

ಎಲ್ಲರೂ ಚಿಂದಿ ಬಗ್ಗೆಯೇ ಹೇಳಿದಿರಿ. ಯೂನಿಫಾರಂ ಹೊಲಿಯುವಾಗ ಲಂಗಕ್ಕೆ, ಪ್ಯಾಂಟಿಗೆ ಒಳಗೆ ಎರಡಿಂಚು ಬಟ್ಟೆ ಮಡಚಿ ಬಿಡಿ. ನಮ್ಮ ದೊಡ್ಡವಳ ಲಂಗ ಹೋದ ವರ್ಷದ್ದು, ಬಟ್ಟೆ ಗಟ್ಟಿಯಾಗಿದೆ, ಬಿಚ್ಚಿ ಉದ್ದ ಮಾಡೋಣ ಅಂದರೆ ಒಳಗೆ ಅರ್ಧ ಇಂಚೂ ಇಲ್ಲ. ಸುಮ್ನೆ ಹೊಸದು ತರಬೇಕಾಯಿತು.

ಹದಿನಾಲ್ಕು ಮಷೀನು, ದಾವಣಗೆರೆ

ಎಲ್ಲರಿಗೂ ಧನ್ಯವಾದ. ಒಂಬತ್ತು ದಿನದಿಂದ ನಾಲ್ಕು ಚೀಲ ಕಟ್ಟಿದ್ದೇವೆ. ಮೊದಲೆರಡು ದಿನ ಹುಡುಗಿಯರಿಗೆ ಗೊಂದಲವಾಯಿತು, ಚೀಲದ ಬಾಯಿಗೆ ಅದದೇ ಬಟ್ಟೆಯ ತುಂಡು ಹೊಲಿದ ಮೇಲೆ ಸರಿಹೋಯಿತು. ನಿನ್ನೆ ಅದೇ ಗುಜರಿಯವರು ಬಂದು ಬನಿಯನ್, ಕಾಟನ್ ಎರಡೂ ತೂಗಿ ದುಡ್ಡು ಕೊಟ್ಟು ಒಯ್ದರು. ದೊಡ್ಡ ತುಂಡು ಚಳ್ಳಕೆರೆಗೆ ಎತ್ತಿಟ್ಟಿದ್ದೇನೆ, ಅಕ್ಕ, ಕೂಲಿ ಎಷ್ಟು ಅಂತ ನೀವೇ ಹೇಳಿ. ಎರಡಿಂಚು ಮಡಿಕೆಗೆ ಸ್ಕೂಲಿನವರ ಹತ್ತಿರ ಮಾತಾಡಬೇಕು, ಬಟ್ಟೆ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಲೈಕ್ರಾ ಚೀಲ ಮಾತ್ರ ಮೂಲೆಯಲ್ಲಿ ಹಾಗೇ ಇದೆ. ಅದನ್ನು ಒಯ್ಯುವವರು ಯಾರಾದರೂ ಗೊತ್ತಿದ್ದರೆ ಬರೆಯಿರಿ.