ಮನೆಯಲ್ಲಿಟ್ಟ ಬಂದೂಕಿಗೆ ಯಾವ ರೆಡ್ ಡಾಟ್? ಟೆಕ್ಸಾಸ್ ಕನ್ನಡಿಗರ ಪ್ರಶ್ನೆ, ತರಬೇತುದಾರರ ಉತ್ತರ

ತರಬೇತುದಾರರು: ಈ ವಾರ ರೆಡ್ ಡಾಟ್ ಬಗ್ಗೆ, ಅಂದರೆ ಬಂದೂಕಿನ ಮೇಲೆ ಕೂರಿಸಿ ಗಾಜಿನಲ್ಲಿ ಕಾಣುವ ಚುಕ್ಕಿಯಿಂದ ಗುರಿ ಹಿಡಿಯುವ ಸೈಟ್ ಬಗ್ಗೆ, ಬಿಡಿಬಿಡಿಯಾಗಿ ಕೇಳಿದವರೆಲ್ಲ ಇಲ್ಲೇ ಕೇಳಿ. ಹೆಸರು ಬೇಡ, ನಿಮ್ಮ ಊರಿನ ಹೆಸರು ಸಾಕು. ಡಲ್ಲಾಸ್ ಸುತ್ತಮುತ್ತ ಪಿಸ್ತೂಲು, ರೈಫಲ್ ಕಲಿಸುವುದು ನನ್ನ ಕೆಲಸ. ನಾನು ವಕೀಲೆಯಲ್ಲ, ಕಣ್ಣಿನ ಡಾಕ್ಟರೂ ಅಲ್ಲ. ಸುಮಾರು 200 ಡಾಲರ್ ಒಳಗಿನದ್ದಷ್ಟೇ ಮಾತಾಡೋಣ.

ಫ್ರಿಸ್ಕೊ: ನಮಸ್ಕಾರ ಮೇಡಂ. ಎಆರ್-15 ರೈಫಲ್ ಇದೆ, ಮನೆ ರಕ್ಷಣೆಗೆ ಮಾತ್ರ. 150ರಿಂದ 200 ಡಾಲರ್‌ನಲ್ಲಿ ಒಳ್ಳೇದು ಯಾವುದು?

ತರಬೇತುದಾರರು: ಸಿಗ್ ರೋಮಿಯೋ5 ಅಥವಾ ಹೊಲೊಸನ್ 403ಬಿ. ಎರಡರಲ್ಲೂ 2 ಎಂಒಎ ಚುಕ್ಕಿ, ಅಂದರೆ 100 ಗಜ ದೂರದಲ್ಲಿ ಸುಮಾರು ಎರಡು ಇಂಚು ಮುಚ್ಚುತ್ತದೆ. ಎರಡಕ್ಕೂ ಸಿಆರ್2032 ಬ್ಯಾಟರಿ. ಅಲ್ಲಾಡದಿದ್ದರೆ ತಾನೇ ಆರುತ್ತದೆ, ಕೈಗೆತ್ತಿಕೊಂಡರೆ ಹೊತ್ತಿಕೊಳ್ಳುತ್ತದೆ. ಡಬ್ಬದ ಮೇಲೆ ಬರೆದಿರುವ ಸಾವಿರಾರು ಗಂಟೆ ಅನ್ನೋದು ಮಧ್ಯಮ ಬೆಳಕಿನ ಲೆಕ್ಕ, ಅದನ್ನು ನಂಬಿ ಕೂರಬೇಡಿ. ಪ್ರತಿ ವರ್ಷ ಯುಗಾದಿಗೆ ಹೊಸ ಬ್ಯಾಟರಿ ಹಾಕಿ, ಮರೆಯೋದಿಲ್ಲ.

ಇನ್ನೊಂದು ಮಾತು. ಎಆರ್ ಮೇಲೆ ಚುಕ್ಕಿ ನಳಿಗೆಗಿಂತ ಸುಮಾರು ಎರಡೂವರೆ ಇಂಚು ಮೇಲಿರುತ್ತದೆ. ನೀವು 50 ಗಜಕ್ಕೆ ಝೀರೋ ಮಾಡಿದ್ದರೆ, ಅಂದರೆ ಆ ದೂರದಲ್ಲಿ ಗುಂಡು ಚುಕ್ಕಿ ಇದ್ದಲ್ಲೇ ಬೀಳುವಂತೆ ಹೊಂದಿಸಿದ್ದರೆ, ಮನೆಯ ಹಜಾರದ ಐದು ಗಜದಲ್ಲಿ ಗುಂಡು ಚುಕ್ಕಿಗಿಂತ ಎರಡು ಇಂಚಿಗೂ ಹೆಚ್ಚು ಕೆಳಗೆ ಹೋಗಿ ಬೀಳುತ್ತದೆ. ರೇಂಜಿನಲ್ಲಿ ಐದು ಗಜದಲ್ಲಿ ಹೊಡೆದು ಕಣ್ಣಾರೆ ನೋಡಿಕೊಳ್ಳಿ.

ಕೇಟಿ: ಮೇಡಂ, 200 ಡಾಲರ್ ಒಳಗೆ ಯಾವುದು ಒಳ್ಳೇದು? ನಂದು 12 ಗೇಜ್ ಶಾಟ್‌ಗನ್.

ತರಬೇತುದಾರರು: ಮೇಲಿರುವುದೇ. ಬಂದೂಕಿನ ಮೇಲೆ ಪಿಕಾಟಿನಿ ರೈಲ್, ಅಂದರೆ ಸೈಟ್ ಕೂರಿಸುವ ಹಲ್ಲುಪಟ್ಟಿ, ಇರಬೇಕು.

ಸಿಡರ್ ಪಾರ್ಕ್: ಗ್ಲಾಕ್ 19 ಎಂಒಎಸ್‌ಗೆ (ಪಿಸ್ತೂಲು) ಡಾಟ್ ಕೂರಿಸಲು ಯಾವ ಪ್ಲೇಟ್ ಬೇಕು ಮೇಡಂ?

ಶುಗರ್ ಲ್ಯಾಂಡ್: ನಮ್ಮ ಇನ್ನೊಂದು ಗ್ರೂಪಲ್ಲಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕ್ತಿದೀನಿ. "35 ಡಾಲರಿನ ಡಾಟ್ ಸಾಕು, ಒಳಗಿನ ಎಲ್‌ಇಡಿ ಒಂದೇ. ಲೇಸರ್ ಬೋರ್‌ಸೈಟ್ (ನಳಿಗೆಯ ದಿಕ್ಕನ್ನು ಲೇಸರ್‌ನಲ್ಲಿ ತೋರಿಸುವ ಸಾಧನ) ಇದ್ದರೆ ರೇಂಜಿಗೆ ಹೋಗುವ ಅಗತ್ಯವಿಲ್ಲ. ಸಣ್ಣ ಚರೆ ಗೋಡೆ ದಾಟುವುದಿಲ್ಲ. ಮೊದಲು ಗಾಳಿಯಲ್ಲಿ ಒಂದು ಗುಂಡು ಹಾರಿಸಿದರೆ ಕಳ್ಳ ಓಡುತ್ತಾನೆ."

ತರಬೇತುದಾರರು: ನಾಲ್ಕೂ ತಪ್ಪು, ಕೊನೆಯದು ಜೀವ ತೆಗೆಯುವ ತಪ್ಪು. ಮೇಲೆ ಹೋದ ಗುಂಡು ಯಾರದೋ ಮನೆಯ ಮೇಲೆ ಇಳಿಯಲೇಬೇಕು. ಹತ್ತಿರದಿಂದ ಹೊಡೆದರೆ ಸಣ್ಣ ಚರೆಯೂ ಈ ದೇಶದ ಜಿಪ್ಸಮ್ ಗೋಡೆಯನ್ನು ತೂರಿ ಹೋಗುತ್ತದೆ. ಬೋರ್‌ಸೈಟ್ ಮೊದಲ ಗುಂಡು ಕಾಗದಕ್ಕೆ ತಾಗುವಷ್ಟು ಸಹಾಯ ಮಾಡುತ್ತದೆ, ಝೀರೋ ಆಗುವುದು ಗುಂಡು ಹೊಡೆದೇ. 35 ಡಾಲರಿನವು ಹೆಚ್ಚಾಗಿ ಏರ್‌ಸಾಫ್ಟ್ ಆಟಿಕೆಗೆಂದು ಮಾಡಿದವು. ನಿಜವಾದ ಬಂದೂಕಿನ ಒದೆತಕ್ಕೆ ಚುಕ್ಕಿ ಜಾಗ ಬಿಟ್ಟು ಸರಿಯುತ್ತದೆ, ಸರಿದದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಈ ಫಾರ್ವರ್ಡ್ ದಯವಿಟ್ಟು ಅಳಿಸಿ.

ಶುಗರ್ ಲ್ಯಾಂಡ್: ಬಂದಿದ್ದನ್ನ ಹಾಕಿದೆ ಅಷ್ಟೇ ಮೇಡಂ. ಅಷ್ಟು ಖಾರ ಯಾಕೆ.

ರೌಂಡ್ ರಾಕ್: ನಂಗೆ ಚುಕ್ಕಿ ದುಂಡಗೆ ಕಾಣೋದೇ ಇಲ್ಲ, ಸುರುಸುರುಬತ್ತಿ ಹೊತ್ತಿಸಿದ ಹಾಗೆ ಕಾಣುತ್ತೆ. ಅಂಗಡಿಯಲ್ಲಿ ಮೂರು ಬ್ರ್ಯಾಂಡ್ ನೋಡಿದೆ, ಮೂರೂ ಹಾಗೇ.

ತರಬೇತುದಾರರು: ಫೋನಿನ ಕ್ಯಾಮೆರಾದಲ್ಲಿ ಡಾಟ್ ಒಳಗಿನ ಫೋಟೋ ತೆಗೆಯಿರಿ. ಫೋಟೋದಲ್ಲಿ ದುಂಡಗಿದ್ದರೆ ದೋಷ ಕಣ್ಣಿನದು, ಬಹುಶಃ ಅಸ್ಟಿಗ್ಮ್ಯಾಟಿಸಮ್. ಬೆಳಕು ಎರಡು ಹಂತ ಇಳಿಸಿ, ಕನ್ನಡಕ ಹಾಕಿ ನೋಡಿ. ಕೆಲವರಿಗೆ ಹಸಿರು ಚುಕ್ಕಿ ಚೆನ್ನಾಗಿ ಕಾಣುತ್ತದೆ. ಆದರೂ ಸರಿಹೋಗದಿದ್ದರೆ ಪ್ರಿಸಮ್ ಸೈಟ್ ನೋಡಿ. ಅದರಲ್ಲಿ ಗುರುತನ್ನು ಗಾಜಿನ ಮೇಲೇ ಕೊರೆದಿರುತ್ತಾರೆ, ನಿಮ್ಮ ಕಣ್ಣಿಗೆ ತಕ್ಕಂತೆ ಫೋಕಸ್ ತಿರುಗಿಸಿಕೊಳ್ಳಬಹುದು, ಬ್ಯಾಟರಿ ಸತ್ತರೂ ಕಾಣುತ್ತದೆ. ಆದರೆ ಕಣ್ಣನ್ನು ಸರಿಯಾದ ಜಾಗದಲ್ಲೇ ಇಡಬೇಕು, ರೆಡ್ ಡಾಟ್‌ನಷ್ಟು ಸಡಿಲ ಇಲ್ಲ.

ಅರ್ವಿಂಗ್: ಎಚ್-1ಬಿ ವೀಸಾದಲ್ಲಿದ್ದೀನಿ. ಫ್ರೆಂಡ್ ಹತ್ರ ಗ್ರೀನ್ ಕಾರ್ಡ್ ಇದೆ, ಅವನ ಹೆಸರಲ್ಲಿ ಪಿಸ್ತೂಲು ತಗೊಂಡು ನಾನು ಇಟ್ಕೊಂಡರೆ?

ತರಬೇತುದಾರರು: ಬೇಡ. ನಿಮಗಾಗಿ ಅವರು ತಮ್ಮ ಹೆಸರಲ್ಲಿ ಕೊಂಡರೆ ಬಂದೂಕು ಕೊಳ್ಳುವಾಗ ತುಂಬುವ ಫಾರ್ಮ್ 4473ರಲ್ಲಿ ಸುಳ್ಳು ಬರೆದ ಹಾಗೆ, ಫೆಡರಲ್ ಅಪರಾಧ. ವಲಸೆಯೇತರ ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದಿರಬಾರದು ಅನ್ನೋದೇ ಫೆಡರಲ್ ಕಾನೂನು.

ಮೆಕಿನಿ: ಹಂಟಿಂಗ್ ಲೈಸೆನ್ಸ್ ತಗೊಂಡರೆ ಆಯ್ತು ಗುರೂ, ಎಲ್ಲಾ ಅದನ್ನೇ ಮಾಡ್ತಾರೆ.

ತರಬೇತುದಾರರು: ಆ ವಿನಾಯಿತಿ ಕಾನೂನಿನಲ್ಲಿದೆ, ನಿಜ. ನಿಮ್ಮ ವಿಷಯಕ್ಕೆ ಅದು ಹೊಂದುತ್ತದೋ ಇಲ್ಲವೋ ಅನ್ನೋದನ್ನು ವಲಸೆ ವಕೀಲರು ಹೇಳಬೇಕು, ಮೆಕಿನಿಯವರಲ್ಲ. ಕೈಯಲ್ಲಿರುವ ವೀಸಾ ಕಳೆದುಕೊಳ್ಳಬೇಡಿ.

ಪ್ಲೇನೋ: ಮೇಡಂ, ನಂದು ಸ್ವಲ್ಪ ಬೇರೆ. ಪಿಸ್ತೂಲು ಹಾಸಿಗೆ ಪಕ್ಕದ ಡ್ರಾಯರ್‌ನಲ್ಲಿರುತ್ತೆ, ಲೋಡ್ ಆಗಿಯೇ. ಕತ್ತಲಲ್ಲಿ ತಾನೇ ಬೆಳಕು ಹೊಂದಿಸಿಕೊಳ್ಳೋ ಡಾಟ್ ಬೇಕು. ಮಗನಿಗೆ 9 ವರ್ಷ. ದಾವಣಗೆರೆಯಿಂದ ಅಪ್ಪ ಬಂದಿದ್ದಾರೆ, ವಿಸಿಟರ್ ವೀಸಾ. ಈಚೆಗೆ ಅವರಿಗೆ ಮರೆವು ಜಾಸ್ತಿ, ರಾತ್ರಿ ಎದ್ದು ಮನೆಯೆಲ್ಲಾ ಓಡಾಡ್ತಾರೆ. ಸದ್ದಾದಾಗ ನಂಗೆ ಥಟ್ಟನೆ ಎಚ್ಚರ ಆಗುತ್ತೆ. ಯಾವ ಡಾಟ್ ಬೇಗ ಕಾಣುತ್ತೆ?

ತರಬೇತುದಾರರು: ನಿಮ್ಮ ಪ್ರಶ್ನೆ ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಡಾಟ್ ಆಮೇಲೆ. ಮೊದಲು ಈಗಲೇ ಎದ್ದು ಹೋಗಿ ಪಿಸ್ತೂಲನ್ನು ಖಾಲಿ ಮಾಡಿ ಬೀಗದೊಳಗಿಡಿ. ಉಳಿದದ್ದನ್ನು ಆಮೇಲೆ ಓದಿ.

ನಿಮ್ಮ ಮನೆಯಲ್ಲಿ ರಾತ್ರಿ ಸದ್ದು ಮಾಡುವ ವ್ಯಕ್ತಿ ಯಾರೆಂದು ನಿಮಗೆ ಆಗಲೇ ಗೊತ್ತಿದೆ: ನಿಮ್ಮ ಅಪ್ಪ. ನಿದ್ದೆಗಣ್ಣಿನಲ್ಲಿ ಎದ್ದವರಿಗೆ ಕತ್ತಲಲ್ಲಿ ಕಾಣುವುದು ಆಕಾರ ಮಾತ್ರ, ಮುಖವಲ್ಲ. "ಯಾರು?" ಅಂತ ಕೂಗಿದರೆ ಮರೆವಿನವರು ಉತ್ತರ ಕೊಡದೇ ಇರಬಹುದು, ಗಾಬರಿಯಾಗಿ ನಿಮ್ಮ ಕಡೆಗೇ ನಡೆದು ಬರಬಹುದು. ರೆಡ್ ಡಾಟ್‌ನ ದೊಡ್ಡ ಗುಣ ಅಂದರೆ ನಿಮ್ಮ ದೃಷ್ಟಿ ಎದುರಿನವರ ಮೇಲೇ ಇರುತ್ತದೆ, ಸೈಟಿನ ಮೇಲಲ್ಲ. ಆದರೆ ಎದುರು ಬೆಳಕಿಲ್ಲದಿದ್ದರೆ ಆ ಗುಣದಿಂದ ಏನು ಬಂತು? ಕತ್ತಲಲ್ಲಿ ಚುಕ್ಕಿ ಜೋರಾಗಿದ್ದರೆ ಅದೇ ಮುಖವನ್ನು ಮುಚ್ಚುತ್ತದೆ. ತಾನೇ ಹೊಂದಿಸಿಕೊಳ್ಳುವ ಡಾಟ್ ಅಳೆಯುವುದು ನೀವು ನಿಂತ ಜಾಗದ ಬೆಳಕನ್ನು. ನೀವು ಕತ್ತಲ ಕೋಣೆಯಲ್ಲಿ ನಿಂತು ಹಜಾರಕ್ಕೆ ಟಾರ್ಚ್ ಬಿಟ್ಟರೆ ಚುಕ್ಕಿ ಮಂಕಾಗಿ ಕಾಣದೇ ಹೋಗಬಹುದು. ಅದಕ್ಕೇ ಕೈಯಿಂದ ಹೊಂದಿಸುವುದನ್ನೇ ಹೇಳುತ್ತೇನೆ. ಆದರೆ ನಿಮಗೆ ಈಗ ಅದನ್ನೂ ಹೇಳುವುದಿಲ್ಲ.

ಹಜಾರ, ಬಚ್ಚಲು, ಅಡುಗೆಮನೆಗೆ ನಡೆದರೆ ಹೊತ್ತಿಕೊಳ್ಳುವ ದೀಪ ಹಾಕಿಸಿ. ಅಪ್ಪನ ಕೋಣೆಯ ಬಾಗಿಲಿಗೆ ತೆರೆದರೆ ಸದ್ದಾಗುವ ಗಂಟೆ ಹಾಕಿ, ಆಗ ಎದ್ದದ್ದು ಅವರೇ ಎಂದು ಹಾಸಿಗೆಯಿಂದಲೇ ತಿಳಿಯುತ್ತದೆ. ಪಿಸ್ತೂಲಿಗೆ ಗುಂಡಿ ಒತ್ತಿ ತೆಗೆಯುವ ಉಕ್ಕಿನ ಪೆಟ್ಟಿಗೆ, ಅದೂ ಕೈಚಾಚಿದರೆ ಸಿಗುವಲ್ಲಿ ಬೇಡ, ಎದ್ದು ನಾಲ್ಕು ಹೆಜ್ಜೆ ನಡೆಯುವಷ್ಟು ದೂರ. ಪೂರ್ತಿ ಎಚ್ಚರವಾಗಲು ಆ ನಾಲ್ಕು ಹೆಜ್ಜೆ ಬೇಕು. ಟೆಕ್ಸಾಸಿನಲ್ಲಿ ಲೋಡಾದ ಬಂದೂಕನ್ನು ಅಜಾಗರೂಕತೆಯಿಂದ ಇಟ್ಟು ಅದು 17ರ ಒಳಗಿನ ಮಗುವಿನ ಕೈಗೆ ಸಿಕ್ಕರೆ ಅಪರಾಧ. ವಿಸಿಟರ್ ವೀಸಾದ ಅಪ್ಪನ ಕೈಗೂ ಅದು ಸಿಗುವಂತಿರಬಾರದು. ಅವರು ಊರಿಗೆ ಹೊರಡುವವರೆಗೆ ಮನೆಯಿಂದಾಚೆ ಎಲ್ಲಾದರೂ ಇಡಲು ಸಾಧ್ಯವಾದರೆ ಅದೇ ಎಲ್ಲಕ್ಕಿಂತ ಮೇಲು.

ಮಗ ಮಲಗುವ ಕೋಣೆ ಯಾವ ಗೋಡೆಯಾಚೆ? 9 ಎಂಎಂ ಗುಂಡು ಒಂದೆರಡು ಒಳಗೋಡೆಗೆ ನಿಲ್ಲುವುದಿಲ್ಲ. ಉತ್ತರ ಬರೆಯಿರಿ, ಕಾಯುತ್ತಿರುತ್ತೇನೆ.

ಆಸ್ಟಿನ್: ಇದಕ್ಕೇ ನಾನು ಹೇಳೋದು, ನಮ್ಮವರಿಗೆ ಇದೆಲ್ಲಾ ಯಾಕೆ? ಓದೋಕೆ, ದುಡಿಯೋಕೆ ಬಂದವರು. ನಮ್ಮ ಸಂಸ್ಕೃತಿಯಲ್ಲಿ ಬಂದೂಕು ಎಲ್ಲಿತ್ತು?

ಸ್ಯಾನ್ ಆಂಟೋನಿಯೊ: ಕೊಡಗಿನಲ್ಲಿತ್ತು ಸ್ವಾಮಿ, ಇವತ್ತಿಗೂ ಇದೆ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್‌ಪೂ ಹೂ ಇಟ್ಟು ಪೂಜೆ ಮಾಡ್ತೀವಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ. "ನಮ್ಮ" ಅಂದರೆ ಯಾರು ಅಂತ ಮೊದಲು ಹೇಳಿ.

ಆಸ್ಟಿನ್: ಪೂಜೆ ಬೇರೆ, ಹಾಸಿಗೆ ಪಕ್ಕ ಲೋಡ್ ಮಾಡಿ ಇಡೋದು ಬೇರೆ.

ಸ್ಯಾನ್ ಆಂಟೋನಿಯೊ: ಅದನ್ನೇ ಹೇಳ್ತಿರೋದು. ನಮ್ಮ ಮನೇಲಿ ಮಗುವಿಗೂ ಗೊತ್ತು ಕೋವಿ ಮುಟ್ಟಬಾರದು ಅಂತ.

ಮೆಕಿನಿ: ಇಬ್ಬರೂ ಬಿಡಿ. ಹೊಲೊಸನ್ ಚೀನಾದ್ದು, ಮೇಡಂ ಅದನ್ನೇ ಹೊಗಳ್ತಾರೆ. ಕಮಿಷನ್ ಎಷ್ಟು?

ಸ್ಯಾನ್ ಆಂಟೋನಿಯೊ: ನಾಲಿಗೆ ಮೇಲೆ ಹಿಡಿತ ಇರಲಿ. ಬಿಟ್ಟಿ ಸಲಹೆ ಕೊಡ್ತಿರೋರಿಗೆ ಹೀಗೆ ಕೇಳ್ತೀರಾ?

ತರಬೇತುದಾರರು: ಯಾರಿಂದಲೂ ಒಂದು ಪೈಸೆ ತೆಗೆದುಕೊಂಡಿಲ್ಲ. ಚೀನಾದ್ದು ಬೇಡವೆಂದರೆ ಸ್ವೀಡನ್ನಿನ ಏಮ್‌ಪಾಯಿಂಟ್ ಇದೆ. 1975ರಿಂದ ಎಲೆಕ್ಟ್ರಾನಿಕ್ ರೆಡ್ ಡಾಟ್ ಮಾಡುತ್ತಿದ್ದಾರೆ, ವರ್ಷಗಟ್ಟಲೆ ಹಚ್ಚಿಟ್ಟರೂ ಆರುವುದಿಲ್ಲ. ಆದರೆ ನೀವು ಕೇಳಿದ ಬೆಲೆಗೆ ಸಿಗುವುದಿಲ್ಲ.

ಸಿಡರ್ ಪಾರ್ಕ್: ಗ್ಲಾಕ್ 19 ಎಂಒಎಸ್ ಪ್ಲೇಟ್?

ಕೇಟಿ: ರೈಲ್ ಇಲ್ಲ ಮೇಡಂ. ಏನು ಮಾಡೋದು?

ಸ್ಯಾನ್ ಆಂಟೋನಿಯೊ: ಮೇಡಂ, ಡಿಸೆಂಬರ್‌ನಲ್ಲಿ ಊರಿಗೆ ಹೋಗ್ತೀನಿ, ಭಾವನಿಗೆ ಒಂದು ಡಾಟ್ ಒಯ್ಯಲಾ?

ತರಬೇತುದಾರರು: ಬೇಡ. ಬಂದೂಕಿನ ಸೈಟ್ ಅಮೆರಿಕದ ರಫ್ತು ನಿಯಂತ್ರಣದಲ್ಲಿದೆ, ಸೂಟ್‌ಕೇಸಿನಲ್ಲಿ ಹಾಕುವ ವಸ್ತುವಲ್ಲ.

ಆಸ್ಟಿನ್: ನೋಡಿದ್ರಾ.

ಸ್ಯಾನ್ ಆಂಟೋನಿಯೊ: ಏನು ನೋಡೋದು? ಕೇಳಿದೆ, ಬೇಡ ಅಂದರು, ಬಿಟ್ಟೆ. ನೀವು ಸುಮ್ಮನಿರಿ.

ತರಬೇತುದಾರರು: ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಪ್ಲೇನೋದವರು ಇದ್ದೀರಾ?

ಪ್ಲೇನೋ: ಇದ್ದೀನಿ ಮೇಡಂ. ಖಾಲಿ ಮಾಡಿ ಸೂಟ್‌ಕೇಸಿಗೆ ಹಾಕಿ ಬೀಗ ಹಾಕಿದೆ, ಕೀ ಹೆಂಡತಿ ಹತ್ರ. ಮಗನ ಕೋಣೆ ಹಜಾರದ ಕೊನೆಯಲ್ಲಿ, ನಮ್ಮ ಬಾಗಿಲಿಗೆ ನೇರ ಎದುರು.

ತರಬೇತುದಾರರು: ಹಾಗಾದರೆ ನಿಮ್ಮ ಬಾಗಿಲಲ್ಲಿ ನಿಂತು ಹಜಾರದ ಕಡೆ ಗುಂಡು ಹಾರಿಸುವ ಮಾತೇ ಇಲ್ಲ, ಎಂಥಾ ಡಾಟ್ ಇದ್ದರೂ. ಶನಿವಾರ ಇಬ್ಬರೂ ಮನೆಯ ನಕ್ಷೆ ಬರೆದುಕೊಂಡು ಬನ್ನಿ, ಹೆಂಡತಿಯೂ ಬರಲಿ. ಪಿಸ್ತೂಲು ತರಬೇಡಿ.

ಕೇಟಿ: ಮೇಡಂ, ರೈಲ್?