ಉ: ‘ಮಾಡಿಫೈಡ್ ಸ್ಪೋರ್ಟ್ಸ್ ಕಾರು’ – ಫಲಕಕ್ಕೆ ಕನ್ನಡ ಬೇಕು, ಇವತ್ತೇ

ಕಾರುಗಳ ಚಿತ್ರಗಳಿರುವ ಫಲಕಕ್ಕೆ ‘ಮಾಡಿಫೈಡ್ ಸ್ಪೋರ್ಟ್ಸ್ ಕಾರು’ ಅನ್ನುವುದರ ಕನ್ನಡ ಕೇಳಿದ್ದೀರಿ, ಅದು ಇವತ್ತು ರಾತ್ರಿ ಅಚ್ಚಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಉತ್ತರ ಮೊದಲು: ‘ಮಾರ್ಪಡಿಸಿದ ಸ್ಪೋರ್ಟ್ಸ್ ಕಾರುಗಳು’.

‘ಪರಿವರ್ತಿತ ಕ್ರೀಡಾವಾಹನ’ ಅನ್ನುವ ಸಲಹೆ ಬೇಡವೇ ಬೇಡ. ಓದಿದವರಿಗೆ ಆಟಗಾರರನ್ನು ಮೈದಾನಕ್ಕೆ ಕರೆದೊಯ್ಯುವ ಬಸ್ಸು ಕಣ್ಣಿಗೆ ಬರುತ್ತದೆ.

ಚಿಕ್ಕದಾಗಿರಲಿ ಅಂತ ಒಬ್ಬರು ‘ಮಾರ್ಪಟ್ಟ’ ಅಂದಿದ್ದಾರೆ. ಅದೂ ತಪ್ಪು. ಮಾರ್ಪಡುವುದು ತಾನಾಗಿಯೇ ಆಗುವಂಥದ್ದು. ಇಲ್ಲಿ ಒಬ್ಬರ ಕೈ ಇದೆ. ನಿಮ್ಮ ಮೊದಲ ಚಿತ್ರವನ್ನೇ ನೋಡಿ, ಜಪಾನಿನ ಅಕಿರಾ ನಕಾಯ್ ಅಗಲ ಮಾಡಿದ ಹಳೆ ಪೋರ್ಷೆ 911, ಜರ್ಮನಿಯ ಸ್ಪೋರ್ಟ್ಸ್ ಕಾರು. ಅವರು ಚಕ್ರದ ಮೇಲಿನ ತಗಡನ್ನು ತಾವೇ ನಿಂತು ಕತ್ತರಿಸುತ್ತಾರೆ. ಅದರ ಮೇಲೆ ಅಗಲವಾದ ಹೊಸ ಅಂಚು ಕೂರಿಸುತ್ತಾರೆ. ಒಮ್ಮೆ ಕತ್ತರಿಸಿದ ತಗಡು ಮತ್ತೆ ಮೊದಲಿನಂತಾಗುವುದಿಲ್ಲ. ಅಷ್ಟು ಧೈರ್ಯದ ಕೆಲಸಕ್ಕೆ ‘ಮಾರ್ಪಟ್ಟ’ ಅಂದರೆ ಮಾಡಿದವರನ್ನೇ ಅಳಿಸಿಹಾಕಿದ ಹಾಗೆ, ಅಲ್ವಾ?

ಬೇರು ನೋಡಿದರೂ ‘ಮಾರ್ಪಡಿಸಿದ’ ಅನ್ನುವುದೇ ಸರಿ. ಹಳಗನ್ನಡದ ‘ಮಾಱು’, ಅಂದರೆ ಬೇರೆ, ಬದಲು. ಮಾರ್ದನಿ, ಮಾರುತ್ತರ, ಮಾರುವೇಷ ಎಲ್ಲ ಅದರ ಮಕ್ಕಳೇ. ಸರಕು ‘ಮಾರು’ವುದೂ ಅದೇ, ಒಂದು ಕೊಟ್ಟು ಬದಲಿಗೆ ಇನ್ನೊಂದು ಪಡೆಯುವುದು. ತಮಿಳಿನಲ್ಲಿ ‘ಮಾಱು’ ಇವತ್ತಿಗೂ ‘ಬದಲಾಗು’ ಅಂತಲೇ ಬಳಕೆಯಲ್ಲಿದೆ. ನಿಮ್ಮ ಎರಡನೇ ಚಿತ್ರದಲ್ಲಿರುವ, ಹಳೆ 911ಗಳನ್ನು ಹೊಸದಾಗಿ ಕಟ್ಟುವ ಸಿಂಗರ್ ಕಂಪನಿಯ ಕಾರಿಗಂತೂ ನಾನು ‘ಮಾರುವೇಷ’ ಅಂತಲೇ ಬರೆಯುತ್ತಿದ್ದೆ. ಒಳಗಿರುವುದು 964 ಎಂದು ಕರೆಯುವ ಪೀಳಿಗೆಯ 911. ಮೈ ಮಾತ್ರ ಅದಕ್ಕಿಂತ ಹಳೆಯ 911ರದು, ಅದೂ ಕಾರ್ಬನ್ ಫೈಬರಿನದು. ನನ್ನ ಕಣ್ಣಿಗೆ ಇಡೀ ಸಾಲಿನಲ್ಲಿ ಅದೇ ಚಂದ. ಹಿಂಬದಿಗೆ ದೊಡ್ಡ ರೆಕ್ಕೆ ಕೂರಿಸಿದ ಕಾರುಗಳು ಅದರ ಮುಂದೆ ಸಪ್ಪೆ.

ಇನ್ನು ‘ಕಾರು ಅಂದರೆ ಕನ್ನಡದಲ್ಲಿ ವಾಂತಿ ಮಾಡು, ಹಾಗಾಗಿ ಬೇರೆ ಪದ ಹುಡುಕಿ’ ಅನ್ನುವ ವಾದ. ಇದಕ್ಕೆ ಉತ್ತರವೇ ಬೇಕಿಲ್ಲ. ಕಾರಿಗೆ, ಕಾರಿನಲ್ಲಿ, ಕಾರುಗಳು ಅಂತ ‘ಊರು’ ಪದದಂತೆಯೇ ವಿಭಕ್ತಿ ಹತ್ತಿದ ಮೇಲೆ ಅದು ನಮ್ಮದಾಯಿತು. ಎರವಲು ಪದ ನಮ್ಮ ವ್ಯಾಕರಣಕ್ಕೆ ಬಗ್ಗಿದರೆ ಸಾಕು, ಹುಟ್ಟೂರು ಕೇಳಬೇಡಿ. ‘ಪರಿವರ್ತಿತ’ವೂ ಎರವಲೇ. ಸಂಸ್ಕೃತದ ಎರವಲು ಶುದ್ಧ, ಇಂಗ್ಲಿಷಿನದು ಮೈಲಿಗೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಆದರೆ ಇದ್ದ ಪದ ಬಿಟ್ಟು ಸುಮ್ನೆ ತರುವುದಕ್ಕೂ ನನ್ನ ವಿರೋಧವಿದೆ. ‘ವಿಂಗ್’ ಯಾಕೆ? ‘ರೆಕ್ಕೆ’ ಇದೆ. ವಿಮಾನದ್ದು ಮೇಲೆತ್ತುತ್ತದೆ, ಕಾರಿನದು ತಿರುವುಮುರುವಾಗಿ ಕೂತು ಹಿಂಬದಿಯನ್ನು ರಸ್ತೆಗೆ ಒತ್ತುತ್ತದೆ. ಪದ ಅದೇ ಸಾಕು. ಸ್ಪಾಯ್ಲರ್ ಬೇರೆ. ಅದು ಮೈಮೇಲೆ ಹರಿಯುವ ಗಾಳಿಯನ್ನು ಕದಡುವ ಅಂಚು. ಚಿತ್ರದಡಿ ‘ಗಾಳಿಕೆಡುಕ’ ಅಂತ ಬರೆಯುವ ಸಲಹೆ ದಯವಿಟ್ಟು ಕೈಬಿಡಿ. ‘ಸ್ಪಾಯ್ಲರ್’ ಅಂತಲೇ ಇರಲಿ.

ಕೊನೆಗೆ ಕಾಗುಣಿತ. ಮಾರ್ಪಾಟು, ಮಾರ್ಪಾಡು ಎರಡೂ ಸರಿ, ಏರ್ಪಾಟು-ಏರ್ಪಾಡು ಇದ್ದ ಹಾಗೆ. ನೀವು ಕಳಿಸಿದ ಕರಡಿನಲ್ಲಿ ಟೊಯೋಟಾ ಸುಪ್ರಾ ಕಾರಿನ ಚಿತ್ರದಡಿ ಒಂದಿದೆ, ಮಾಜ್ದಾ ಆರ್‌ಎಕ್ಸ್-7 ಅಡಿಯಲ್ಲಿ ಇನ್ನೊಂದಿದೆ. ಅಚ್ಚಿಗೆ ಕೊಡುವ ಮುಂಚೆ ಯಾವುದಾದರೂ ಒಂದಕ್ಕೆ ತನ್ನಿ.